ಎರಡು ಸಾವಿರ ಮೊದಲೋ, ತಿರುಳಿನ ಕಾರ್ಖಾನೆ ಮೊದಲೋ?

ಸರ್ಕಾರ ಖರ್ಚು ಮಾಡಿದ ಒಂದು ರೂಪಾಯಿ ಕೈಯಿಂದ ಕೈಗೆ ದಾಟುತ್ತಾ ಒಂದಕ್ಕಿಂತ ಹೆಚ್ಚು ಆದಾಯ ಹುಟ್ಟಿಸುತ್ತದೆ. ಇದು ಅರ್ಥಶಾಸ್ತ್ರಜ್ಞ ಕೇನ್ಸ್ ಹೇಳಿದ ಗುಣಕದ ಲೆಕ್ಕ. ಕೇಂಬ್ರಿಜ್‌ನಲ್ಲಿ ಅವರ ಬಳಿ ಕಲಿತ ವಿ.ಕೆ.ಆರ್.ವಿ. ರಾವ್, ಬೆಂಗಳೂರಿನಲ್ಲಿ ಐಸೆಕ್ ಸಂಶೋಧನಾ ಸಂಸ್ಥೆ ಕಟ್ಟುವುದಕ್ಕೆ 20 ವರ್ಷ ಮೊದಲೇ, 1952ರಲ್ಲಿ, ಈ ಲೆಕ್ಕಕ್ಕೆ ತಕರಾರು ತೆಗೆದರು. ಬೇಸಾಯವನ್ನೇ ನೆಚ್ಚಿದ ನಾಡಿನಲ್ಲಿ ಬೇಡಿಕೆ ಏರಿದ ಮಾತ್ರಕ್ಕೆ ಬೆಳೆ ಹೆಚ್ಚುವುದಿಲ್ಲ, ಬೆಲೆ ಹೆಚ್ಚುತ್ತದೆ ಎಂದರು. 2025-26ರ ರಾಜ್ಯ ಬಜೆಟ್ಟಿನ 4,09,549 ಕೋಟಿಯಲ್ಲಿ 51,034 ಕೋಟಿ ರೂಪಾಯಿ ಐದು ಗ್ಯಾರಂಟಿಗಳಿಗೆ ಮೀಸಲಾಗಿತ್ತು. ಈ ಹಣದಿಂದ ಕೋಲಾರದ ಸೀಮೆ ಬೆಳೆಯುತ್ತದೆಯೇ?

ಪರ

ಆ ಐದರಲ್ಲೊಂದು, ಮನೆಯೊಡತಿಗೆ ತಿಂಗಳಿಗೆ ಎರಡು ಸಾವಿರ ಕೊಡುವ ಗೃಹಲಕ್ಷ್ಮಿ. ಅದರ ಕಂತು ಖಾತೆಗೆ ಬಿದ್ದ ಮಾರನೆಯ ದಿನ ಮುಳಬಾಗಿಲಿನ ಯಾವುದಾದರೂ ಕಿರಾಣಿ ಅಂಗಡಿ ಮುಂದೆ ನಿಂತು ನೋಡಿ. ಮೊದಲು ಉದ್ದರಿ ಪುಸ್ತಕದ ಹಳೇ ಬಾಕಿಗೆ ಅಡ್ಡಗೆರೆ ಬೀಳುತ್ತದೆ. ಆಮೇಲೆ ಎಣ್ಣೆ ಪ್ಯಾಕೆಟ್ಟು, ತೊಗರಿಬೇಳೆ, ಮಗುವಿಗೊಂದು ಜಾಮಿಟ್ರಿ ಬಾಕ್ಸು. ಉಳಿದದ್ದು ಸಂಘದ ಸಾಲದ ವಾರದ ಕಂತಿಗೆ. ಆ ಎರಡು ಸಾವಿರದಲ್ಲಿ ಬ್ಯಾಂಕಿನಲ್ಲಿ ಕೊಳೆಯುವ ರೂಪಾಯಿ ಒಂದೂ ಇಲ್ಲ. ಉಳ್ಳವರಿಗೆ ತೆರಿಗೆ ರಿಯಾಯಿತಿ ಕೊಟ್ಟರೆ ಅದು ಉಳಿತಾಯಕ್ಕೆ ಸೇರುತ್ತದೆ. ಇಲ್ಲದವರಿಗೆ ಕೊಟ್ಟರೆ ಸಂತೆಗೆ ಬರುತ್ತದೆ. ಕಿರುಸಾಲದ ವಸೂಲಿ ಕಿರುಕುಳ ತಡೆಯಲು 2025ರಲ್ಲಿ ಸರ್ಕಾರ ಸುಗ್ರೀವಾಜ್ಞೆಯನ್ನೇ ತರಬೇಕಾಯಿತು. ಅಂಥ ಕಾಲದಲ್ಲಿ ತಡವಾಗಿಯಾದರೂ ಬರುವ ಕಂತು ಎಷ್ಟು ಮನೆಗಳ ಮಾನ ಕಾಪಾಡಿದೆಯೆಂದು ಹೆಂಗಸರನ್ನೇ ಕೇಳಬೇಕು.

ಕಾಮಗಾರಿಗೆ ಸುರಿದರೆ ಊರು ಬೆಳೆಯುತ್ತದೆ ಎನ್ನುವವರಿಗೆ ನಮ್ಮ ಉತ್ತರ, ಕೋಲಾರಕ್ಕೆ ನೀರು ತರಬೇಕಿದ್ದ ಎತ್ತಿನಹೊಳೆ ಯೋಜನೆ. ಶಂಕುಸ್ಥಾಪನೆ 2014ರಲ್ಲಿ. ಅಂದಾಜು 12,912 ಕೋಟಿಯಿಂದ 23,251 ಕೋಟಿಗೆ ಏರಿತು. 2024ರ ಸೆಪ್ಟೆಂಬರಿನಲ್ಲಿ ಸಕಲೇಶಪುರದ ಬಳಿ ಮೊದಲ ಹಂತ ಉದ್ಘಾಟನೆಯಾದಾಗಲೂ ಕೋಲಾರಕ್ಕೆ ಹನಿ ಬಂದಿರಲಿಲ್ಲ. ಆ ಹತ್ತು ವರ್ಷ ಇಲ್ಲಿನ ಹೆಣ್ಣುಮಗಳು ಸಾವಿರ ಅಡಿ ಬೋರ್‌ವೆಲ್ಲಿನ ನೀರಿಗೆ ಬಿಂದಿಗೆ ಸಾಲಿನಲ್ಲಿ ನಿಂತಿದ್ದಳು. ರಾವ್ ಬರೆದದ್ದು ಧಾನ್ಯಕ್ಕೆ ತತ್ವಾರವಿದ್ದ ಕಾಲದಲ್ಲಿ. ಇಂದು ಅಂಗಡಿಯಲ್ಲಿ ಸರಕಿಗೆ ಬರವಿಲ್ಲ, ಕೊಳ್ಳುವವರ ಕೈಯಲ್ಲಿ ಕಾಸಿಗೆ ಬರ.

ವಿರೋಧ

ಅಂಗಡಿಯಲ್ಲಿ ಸರಕಿದೆ, ಒಪ್ಪಿದೆ. ಅದು ಎಲ್ಲಿಂದ ಬಂತು? ಎಣ್ಣೆ ಪ್ಯಾಕೆಟ್ಟೂ ಸೋಪೂ ತಾಲ್ಲೂಕಿನಲ್ಲಿ ತಯಾರಾಗುವುದಿಲ್ಲ. ಅಂಗಡಿಯವನ ಅಲ್ಪ ಲಾಭ ಬಿಟ್ಟರೆ ಉಳಿದ ಹಣ ಅಂದೇ ಸಂಜೆ ಊರು ಬಿಡುತ್ತದೆ. ಹಾಲು, ಸೊಪ್ಪು, ದರ್ಜಿಯ ಕೂಲಿ, ಇಷ್ಟು ಮಾತ್ರ ಇಲ್ಲೇ ಸುತ್ತುತ್ತದೆ.

ರಾವ್ ಅವರ ತಕರಾರು ಹಳತಾಗಿದೆ ಎನ್ನುವವರು ಶ್ರೀನಿವಾಸಪುರಕ್ಕೆ ಬರಬೇಕು. ಇಲ್ಲಿ ಕೊರತೆ ಬೆಳೆಯದ್ದಲ್ಲ, ಬೆಳೆದದ್ದನ್ನು ಬಾಳಿಸುವ ವ್ಯವಸ್ಥೆಯದು. 2025ರ ಜೂನ್ ನೆನಪಿಸಿಕೊಳ್ಳಿ. ಮರದ ತುಂಬ ತೋತಾಪುರಿ ಮಾವು. ತಿರುಳು ತೆಗೆಯುವ ಕಾರ್ಖಾನೆಗಳು ಹೆಚ್ಚಾಗಿ ಇರುವುದು ಆಂಧ್ರದ ಚಿತ್ತೂರಿನಲ್ಲಿ, ನಂಗಲಿ ಗಡಿಯಾಚೆ. ಅಲ್ಲಿನ ಆಡಳಿತ ತನ್ನ ರೈತರನ್ನು ಉಳಿಸಲು ನಮ್ಮ ಹಣ್ಣಿಗೆ ತಡೆ ಹಾಕಿತು. ಬೆಲೆ ಕುಸಿಯಿತು, ಶ್ರೀನಿವಾಸಪುರ ಬಂದ್ ಆಯಿತು, ರೈತರು ಹಣ್ಣನ್ನು ರಸ್ತೆಗೆ ಸುರಿದರು. ವರ್ಷವಿಡೀ ಔಷಧಿ ಹೊಡೆದು, ಟ್ಯಾಂಕರ್ ನೀರು ಕಟ್ಟಿ ಸಾಕಿದ ಕಾಯಿ ಅದು. ಕೊನೆಗೆ ಕೇಂದ್ರ ಮತ್ತು ರಾಜ್ಯ ಸೇರಿ ಕ್ವಿಂಟಲಿಗೆ 1,616 ರೂಪಾಯಿ ದರ ನಿಗದಿ ಮಾಡಿ, 2.5 ಲಕ್ಷ ಟನ್‌ವರೆಗೆ ವ್ಯತ್ಯಾಸದ ಹಣ ತುಂಬಿಕೊಡಲು ಒಪ್ಪಿದವು. ಗಾಯಕ್ಕೆ ಹಚ್ಚಿದ ಮುಲಾಮು ಅದು. ತಿರುಳಿನ ಘಟಕಗಳು, ಶೈತ್ಯಾಗಾರಗಳು ಸಾಕಷ್ಟು ಇಲ್ಲೇ ಇದ್ದಿದ್ದರೆ ರೈತ ಮತ್ತೊಂದು ರಾಜ್ಯದ ಬಾಗಿಲಲ್ಲಿ ನಿಲ್ಲಬೇಕಿರಲಿಲ್ಲ.

ಇದೇ ಜಿಲ್ಲೆಯಲ್ಲಿ ಬೇರೆ ಕಥೆಯೂ ಇದೆ. ಹೆದ್ದಾರಿ ಅಗಲವಾಯಿತು, ನರಸಾಪುರದಲ್ಲಿ ಕೈಗಾರಿಕಾ ಜಾಗ ಸಿದ್ಧವಾಯಿತು. 2013ರಲ್ಲಿ ಹೋಂಡಾ ಬಂತು, ಆಮೇಲೆ ಐಫೋನ್ ಜೋಡಿಸುವ ಕಾರ್ಖಾನೆ. ಮಾಲೂರಿಗೆ ರೈಲುಹಳಿ ಮೊದಲೇ ಇತ್ತು, ಅಲ್ಲೂ ಕೈಗಾರಿಕೆ ನೆಲೆಯೂರಿತು. ಎತ್ತಿನಹೊಳೆಯ ಹೆಸರು ಹೇಳುವವರು ಕೆ.ಸಿ. ವ್ಯಾಲಿ ನೀರಿನ ಯೋಜನೆಯನ್ನು ಮರೆಯಬಾರದು. 2018ರ ಜೂನ್‌ನಲ್ಲಿ ಇಲ್ಲಿನ ಲಕ್ಷ್ಮೀಸಾಗರ ಕೆರೆಗೆ ಬೆಂಗಳೂರಿನ ಸಂಸ್ಕರಿಸಿದ ನೀರು ಬಂತು. ಆ ನೀರಿಗೆ ಮೂರನೇ ಹಂತದ ಶುದ್ಧೀಕರಣವೂ ಆಗಲೇಬೇಕು, ಅದರಲ್ಲಿ ರಾಜಿಯಿಲ್ಲ. ಆದರೂ ಒಣಗಿದ್ದ ಕೆರೆಗಳು ತುಂಬಿದ್ದನ್ನು ಈ ಕಣ್ಣುಗಳೇ ನೋಡಿವೆ.

ಹಣವಂತೂ ಆಕಾಶದಿಂದ ಉದುರುವುದಿಲ್ಲ. 2025-26ರ ಅದೇ ಬಜೆಟ್ಟಿನಲ್ಲಿ 19,262 ಕೋಟಿ ರಾಜಸ್ವ ಕೊರತೆಯಿತ್ತು. ಅಂದರೆ ದಿನದ ಸಂಸಾರ ತೂಗಿಸುವುದಕ್ಕೇ ಸಾಲ. ಆಸ್ತಿ ಕಟ್ಟುವ ಬಂಡವಾಳ ವೆಚ್ಚಕ್ಕೆ 71,336 ಕೋಟಿ. ಈ ಸಾಲ ತೀರಿಸುವವರು ಇಂದು ಜಾಮಿಟ್ರಿ ಬಾಕ್ಸು ಕೊಂಡ ಮಕ್ಕಳೇ.

ಬಡ ಹೆಂಗಸಿನ ಎರಡು ಸಾವಿರ ಕಿತ್ತುಕೊಳ್ಳಿ ಎಂದು ನಾವು ಹೇಳುತ್ತಿಲ್ಲ. ಅಗತ್ಯವಿಲ್ಲದ ಮನೆಗಳಿಗೂ ಹೋಗುತ್ತಿರುವ ಪಾಲನ್ನು ಮೊದಲು ನಿಲ್ಲಿಸಿ, ಶ್ರೀನಿವಾಸಪುರದಲ್ಲಿ ತಿರುಳಿನ ಘಟಕಕ್ಕೆ ಹಾಕಿ ಎನ್ನುತ್ತಿದ್ದೇವೆ. ಜೂನ್ ಬಂದರೆ ತೋತಾಪುರಿ ಮತ್ತೆ ಬಲಿಯುತ್ತದೆ, ಲಾರಿಗಳು ಮತ್ತೆ ನಂಗಲಿ ಕಡೆಗೇ ಹೊರಡುತ್ತವೆ.