ದೇವರ ಚಿತ್ತ, ಮನೆಯ ಯಜಮಾನನ ಚಿತ್ತ

ಕನ್ನಡ ಮಾತನಾಡುವ ಕ್ರೈಸ್ತ ಮನೆಗಳಲ್ಲಿ ಪದೇಪದೇ ಕಿವಿಗೆ ಬೀಳುವ ಮಾತೊಂದಿದೆ: ‘ದೇವರ ಚಿತ್ತ’. ಮಗನ ಉದ್ಯೋಗ, ಮಗಳ ಮದುವೆ, ನಿವೇಶನದ ಖರೀದಿ, ಅಜ್ಜಿಯ ಮಂಡಿಯ ಶಸ್ತ್ರಚಿಕಿತ್ಸೆ, ಯಾವ ವಿಷಯ ಬಂದರೂ ‘ಪ್ರಾರ್ಥನೆ ಮಾಡುತ್ತಿದ್ದೇವೆ, ದೇವರ ಚಿತ್ತವಿದ್ದರೆ ಆಗುತ್ತದೆ’ ಎಂಬ ಉತ್ತರ ಸಿದ್ಧವಾಗಿರುತ್ತದೆ. ಹೊಸ ವರ್ಷದ ಮುನ್ನಾ ರಾತ್ರಿಯ ಆರಾಧನೆಯಲ್ಲಿ ಎಷ್ಟೋ ಸಭೆಗಳು ವಾಗ್ದಾನದ ಕಾರ್ಡುಗಳನ್ನು ಹಂಚುತ್ತವೆ; ಕೈಗೆ ಬಂದ ವಚನವನ್ನು ತಮಗೇ ಬರೆದ ಪತ್ರವೆಂಬಂತೆ ವರ್ಷವಿಡೀ ಜೋಪಾನ ಮಾಡುವವರಿದ್ದಾರೆ. ಕಣ್ಣು ಮುಚ್ಚಿ ಬೈಬಲ್ ತೆರೆದು, ಬೆರಳಿಟ್ಟ ಸಾಲಿನಲ್ಲಿ ಉತ್ತರ ಹುಡುಕುವವರೂ ಇದ್ದಾರೆ. ದೇವರ ಬಲಗಡೆಯಿಂದ ಹೂ ಬಿದ್ದರೆ ಕಾರ್ಯಕ್ಕೆ ಅಪ್ಪಣೆಯಾಯಿತೆಂದು ನಂಬುವ ನಾಡಿನಲ್ಲಿ ಇದನ್ನು ಯಾರಿಗೂ ವಿವರಿಸಬೇಕಾಗಿಲ್ಲ.

ಈ ಮಾತಿನ ಹಿಂದಿರುವ ವಿನಯವನ್ನು ಹಗುರವಾಗಿ ಕಾಣಲಾಗದು. ಎಲ್ಲವೂ ತನ್ನ ಲೆಕ್ಕಾಚಾರದಂತೆಯೇ ನಡೆಯಬೇಕೆಂಬ ಅಹಂಕಾರಕ್ಕಿಂತ ಅದು ಎಷ್ಟೋ ಮೇಲು. ಆದರೆ ಆಡುವ ಬಾಯಿ ಬದಲಾದಂತೆ ಮಾತಿನ ಅರ್ಥವೂ ಬದಲಾಗುತ್ತದೆ. ದೇವರ ಚಿತ್ತವೇನೋ ತಿಳಿಯದು ಎಂದು ತೊಳಲಾಡುವವರು ಸಾಮಾನ್ಯವಾಗಿ ಮನೆಯ ಕಿರಿಯರು; ಇದು ದೇವರ ಚಿತ್ತವಲ್ಲ ಎಂದು ತೀರ್ಪು ನೀಡುವವರು ಹಿರಿಯರು. ಮಗಳಿಗೆ ದೂರದ ಊರಿನಲ್ಲಿ ಒಳ್ಳೆಯ ಕೆಲಸ ಸಿಕ್ಕಿದೆ ಎನ್ನೋಣ. ಸಂಬಳ ಸಾಲದು, ಊರು ಸುರಕ್ಷಿತವಲ್ಲ ಎಂದು ತಂದೆ ಹೇಳಿದರೆ ಅವಳು ವಾದಿಸಬಹುದು. ‘ಪ್ರಾರ್ಥಿಸಿದೆ, ಸಮಾಧಾನ ಸಿಗಲಿಲ್ಲ’ ಎಂದರೆ ವಾದಿಸುವುದೇ ಅವಿಶ್ವಾಸವಾಗುತ್ತದೆ. ಮದುವೆಯ ಮಾತುಕತೆಗಳಲ್ಲಂತೂ ಇದರ ಬಳಕೆ ಇನ್ನೂ ನಾಜೂಕು. ಕ್ರಿಸ್ತನಲ್ಲಿ ಭೇದವಿಲ್ಲವೆಂದು ಭಾನುವಾರ ಕೇಳಿ ಬಂದ ಕುಟುಂಬ, ಹುಡುಗನ ಪೂರ್ವಿಕರ ಜಾತಿ ತಿಳಿದೊಡನೆ ‘ದೇವರು ಬಾಗಿಲು ತೆರೆಯಲಿಲ್ಲ’ ಎಂದು ಸಂಬಂಧವನ್ನು ಬಿಟ್ಟುಬಿಡುತ್ತದೆ. ಬಾಗಿಲು ಮುಚ್ಚಿದವರು ಯಾರೆಂದು ಎರಡೂ ಮನೆಯವರಿಗೆ ಗೊತ್ತಿರುತ್ತದೆ.

ಇದು ಇಂದು ನಿನ್ನೆಯ ರೂಢಿಯಲ್ಲ. 1834ರಲ್ಲಿ ಮಂಗಳೂರಿಗೆ ಬಂದ ಬಾಸೆಲ್ ಮಿಷನ್ ಕನ್ನಡಕ್ಕೆ ಮುದ್ರಣಾಲಯವನ್ನೂ ಕಿಟ್ಟೆಲರ ನಿಘಂಟನ್ನೂ ಕೊಟ್ಟಿತು. ಆ ಋಣ ದೊಡ್ಡದು. ಅದೇ ಮಿಷನ್ನಿನ ಪಾದ್ರಿ ಮದುವೆಯಾಗಬೇಕಾದರೆ ಬಾಸೆಲ್‌ನಲ್ಲಿ ಕುಳಿತ ಸಮಿತಿಯ ಅನುಮತಿ ಬೇಕಿತ್ತು. ವಧುವನ್ನು ಯುರೋಪಿನಿಂದ ಹಡಗಿನಲ್ಲಿ ಕಳುಹಿಸಲಾಗುತ್ತಿತ್ತು. ಅನೇಕ ಹೆಣ್ಣುಮಕ್ಕಳು ವರನ ಮುಖವನ್ನು ಮೊದಲು ಕಂಡದ್ದು ಇಲ್ಲಿಗೆ ಬಂದಿಳಿದ ಮೇಲೆಯೇ. ಅವರ ಒಪ್ಪಿಗೆ ಕೇಳುತ್ತಿದ್ದುದು ನಿಜ. ಆದರೆ ಆ ಕರೆಯನ್ನು ದೇವರ ಕರೆಯೆಂದೇ ಭಾವಿಸಬೇಕಾದ ವಾತಾವರಣದಲ್ಲಿ ಒಲ್ಲೆನೆನ್ನಲು ಎಷ್ಟು ಧೈರ್ಯ ಬೇಕಿತ್ತೆಂಬುದನ್ನು ಊಹಿಸಬಹುದು.

ಬೈಬಲ್ ಇಂಥ ತೀರ್ಪುಗಾರಿಕೆಗೆ ಆಧಾರ ಕೊಡುತ್ತದೆಯೇ? ಗಿದ್ಯೋನನು ಕಣದಲ್ಲಿ ಕುರಿಯ ಉಣ್ಣೆ ಹಾಸಿ ಗುರುತು ಕೇಳಿದ ಕಥೆಯನ್ನು ಎಲ್ಲರೂ ಉದಾಹರಿಸುತ್ತಾರೆ. ಯುದ್ಧಕ್ಕೆ ಹೋಗೆಂಬ ಅಪ್ಪಣೆ ಅವನಿಗೆ ಮೊದಲೇ ಆಗಿತ್ತು, ಎರಡೆರಡು ಬಾರಿ ಗುರುತು ಕೇಳಿದ್ದು ಅಂಜಿಕೆಯಿಂದ ಎಂಬುದನ್ನು ಮರೆಯುತ್ತಾರೆ. ಯೂದನ ಸ್ಥಾನಕ್ಕೆ ಮತ್ತೀಯನನ್ನು ಆರಿಸಲು ಅಪೊಸ್ತಲರು ಚೀಟು ಹಾಕಿದರು. ಪಂಚಾಶತ್ತಮದ ದಿನ ಪವಿತ್ರಾತ್ಮನು ಇಳಿದು ಬಂದ ಬಳಿಕ ಅವರು ಮತ್ತೆ ಚೀಟು ಹಾಕಿದ ಪ್ರಸ್ತಾಪವೇ ಇಲ್ಲ. ಅನ್ಯಜನರು ಸುನ್ನತಿ ಮಾಡಿಸಿಕೊಳ್ಳಬೇಕೆ ಎಂಬ ಬಿಕ್ಕಟ್ಟು ಯೆರೂಸಲೇಮಿನ ಸಭೆಯ ಮುಂದೆ ಬಂದಾಗ ಬಹಳ ಚರ್ಚೆ ನಡೆಯಿತು, ಪೇತ್ರ ಮಾತನಾಡಿದ, ಬಾರ್ನಬ ಮತ್ತು ಪೌಲ ತಮ್ಮ ಅನುಭವ ಹೇಳಿದರು. ಕೊನೆಗೆ ಬರೆದ ಪತ್ರದಲ್ಲಿ ಪವಿತ್ರಾತ್ಮನ ಹೆಸರಿನ ಪಕ್ಕದಲ್ಲೇ ‘ನಾವು’ ಎಂಬುದೂ ಇದೆ. ನಿರ್ಣಯದ ಹೊಣೆಯನ್ನು ಅವರು ಪೂರ್ತಿ ಮೇಲಕ್ಕೆ ಸಾಗಹಾಕಲಿಲ್ಲ.

ಜರ್ಮನ್ ದೇವಶಾಸ್ತ್ರಜ್ಞ ಡೀಟ್ರಿಚ್ ಬಾನ್‌ಹಾಫರ್ 1939ರ ಜೂನ್‌ನಲ್ಲಿ ನ್ಯೂಯಾರ್ಕ್ ತಲುಪಿದ್ದರು. ಹಿಟ್ಲರನ ಆಡಳಿತದಿಂದ ಅವರನ್ನು ಪಾರುಮಾಡಲೆಂದೇ ಸ್ನೇಹಿತರು ಕರೆಸಿಕೊಂಡಿದ್ದರು. ಜೂನ್ 20ರಂದು ಅವರು ಅಲ್ಲಿಯ ಹುದ್ದೆಯನ್ನು ನಿರಾಕರಿಸಿದರು. ತನ್ನ ನಿರ್ಧಾರಗಳ ಹಿಂದಿನ ಪ್ರೇರಣೆ ತನಗೇ ಸ್ಪಷ್ಟವಾಗುವುದಿಲ್ಲ ಎಂದು ಅಂದೇ ದಿನಚರಿಯಲ್ಲಿ ಬರೆದುಕೊಂಡರು. ಚಳಿಗಾಲಕ್ಕೆ ಮುಂಚೆ ಬಂದುಬಿಡು ಎಂದು ಪೌಲನು ತಿಮೊಥೆಯನಿಗೆ ಹೇಳಿಕಳುಹಿಸಿದ ಮಾತು ಅವರ ಕಣ್ಣಿಗೆ ಬಿದ್ದದ್ದು ಆರು ದಿನಗಳ ನಂತರ. ಅದನ್ನು ತನಗೇ ಹೇಳಿದ್ದೆಂದು ಅವರು ಸ್ವೀಕರಿಸಿದರು. ಆದರೆ ವಚನ ಬಂದದ್ದು ನಿರ್ಧಾರದ ಹಿಂದೆ, ಮುಂದೆ ಅಲ್ಲ. ಮರುತಿಂಗಳು ಮರಳಿದ ಅವರನ್ನು 1945ರ ಏಪ್ರಿಲ್ 9ರಂದು ಫ್ಲೊಸೆನ್‌ಬರ್ಗ್ ಶಿಬಿರದಲ್ಲಿ ಗಲ್ಲಿಗೇರಿಸಲಾಯಿತು. ಇಂಥ ನಿರ್ಧಾರವನ್ನು ಅವರು ತಮ್ಮ ಮೇಲೆ ಹೊತ್ತುಕೊಂಡರೇ ಹೊರತು ಇನ್ನೊಬ್ಬರ ಮೇಲೆ ಹೊರಿಸಲಿಲ್ಲ.

ಕಥೋಲಿಕರಲ್ಲಿ ಈ ವಿಷಯವನ್ನು ಶಿಸ್ತಾಗಿ ಯೋಚಿಸಿದವರು ಯೇಸುಸಭೆಯ ಸ್ಥಾಪಕ ಇಗ್ನೇಷಿಯಸ್ ಲೊಯೋಲ. ಮಂಗಳೂರಿನ ಸಂತ ಅಲೋಶಿಯಸ್ ಕಾಲೇಜನ್ನು 1880ರಲ್ಲಿ ಕಟ್ಟಿದ್ದು ಇವರ ಅನುಯಾಯಿಗಳೇ. ಹೊಸದಾಗಿ ಭಕ್ತಿಯ ದಾರಿ ಹಿಡಿದಿದ್ದ ದಿನಗಳಲ್ಲಿ ಇಗ್ನೇಷಿಯಸ್, ಮರಿಯಮ್ಮನವರ ಕುರಿತು ಅಗೌರವದ ಮಾತಾಡಿದನೆಂದು ಸಹಪ್ರಯಾಣಿಕನೊಬ್ಬನನ್ನು ಇರಿಯಲೇ ಬೇಡವೇ ಎಂದು ತಿಳಿಯದೆ, ಕವಲುದಾರಿಯಲ್ಲಿ ಹೇಸರಗತ್ತೆಯ ಲಗಾಮು ಸಡಿಲಿಸಿದರಂತೆ. ಪ್ರಾಣಿ ಬೇರೆ ದಾರಿ ಹಿಡಿದದ್ದರಿಂದ ಒಂದು ಜೀವ ಉಳಿಯಿತು. ಹೇಸರಗತ್ತೆಗೆ ತೀರ್ಮಾನ ಬಿಟ್ಟಿದ್ದ ಆ ಮನುಷ್ಯನೇ ಮುಂದೆ, 1548ರಲ್ಲಿ ಪೋಪರ ಮನ್ನಣೆ ಪಡೆದ ತಮ್ಮ ‘ಆಧ್ಯಾತ್ಮಿಕ ಸಾಧನೆಗಳು’ ಕೃತಿಯಲ್ಲಿ ಬೇರೆಯೇ ವಿಧಾನ ಬೋಧಿಸಿದರು. ಮನಸ್ಸು ಕುಗ್ಗಿರುವಾಗ ಹಿಂದಿನ ನಿರ್ಧಾರ ಬದಲಿಸಬೇಡ. ಲಾಭ ನಷ್ಟಗಳನ್ನು ಎರಡೂ ಕಡೆ ತೂಗಿ ನೋಡು. ನಿನಗೆ ಪರಿಚಯವೇ ಇಲ್ಲದ ವ್ಯಕ್ತಿಯೊಬ್ಬ ಇದೇ ಪ್ರಶ್ನೆ ಹೊತ್ತು ಬಂದರೆ, ಅವನ ಒಳಿತನ್ನಷ್ಟೇ ಬಯಸಿ ಏನು ಹೇಳುವೆಯೋ ಅದನ್ನೇ ನೀನೂ ಮಾಡು.

ಈ ಕೊನೆಯ ಸೂಚನೆಯನ್ನು ಮೇಲೆ ಹೇಳಿದ ತಂದೆಯ ಮುಂದಿಡಬಹುದು. ಗುರುತಿಲ್ಲದ ಹುಡುಗಿಯೊಬ್ಬಳು ಅದೇ ನೇಮಕಾತಿ ಪತ್ರ ಹಿಡಿದು ಅವರ ಬಾಗಿಲಿಗೆ ಬಂದು ‘ಅಂಕಲ್, ಏನು ಮಾಡಲಿ?’ ಎಂದು ಕೇಳಿದರೆ, ಅವರು ಬಹುಶಃ ವಸತಿಯ ವ್ಯವಸ್ಥೆ ವಿಚಾರಿಸಿ, ಆ ಊರಿನ ಸಭಾಪಾಲಕರ ದೂರವಾಣಿ ಸಂಖ್ಯೆ ಕೊಟ್ಟು, ಅವಳಿಗಾಗಿ ಪ್ರಾರ್ಥಿಸಿ ಕಳುಹಿಸಿಕೊಡುತ್ತಾರೆ.