ಚಿತ್ರಗಳನ್ನು ಓದುವ ವಿದ್ಯೆಯೂ ನಮ್ಮ ಗ್ರಂಥಾಲಯವೂ

ಅಕ್ಷರವನ್ನು ಓದಲು ಕಲಿಸುವದು ಶಾಲೆಯ ಮೊದಲನೆಯ ಕೆಲಸವೆಂಬದನ್ನು ಎಲ್ಲರೂ ಒಪ್ಪುವರು. ಚಿತ್ರವನ್ನು ಓದಲು ಕಲಿಸುವದೂ ಅಷ್ಟೇ ಅವಶ್ಯವೆಂಬದನ್ನು ಮಾತ್ರ ನಾವು ಇನ್ನೂ ಮನಗಂಡಿಲ್ಲ. ಗೋಡೆಯ ಮೇಲಿನ ಕ್ಯಾಲೆಂಡರು, ಜಾತ್ರೆಯಲ್ಲಿ ಕೊಂಡ ದೇವರ ಪಟ, ಮದುವೆಯ ಫೋಟೋ, ಕೈಯೊಳಗಿನ ಮೊಬೈಲು, ಇವೆಲ್ಲವೂ ಹಗಲಿರುಳು ನಮ್ಮ ಮಕ್ಕಳೊಡನೆ ಮಾತನಾಡುತ್ತಿರುವವು. ಯಾರು ಯಾರನ್ನು ಯಾತಕ್ಕಾಗಿ ಚಿತ್ರಿಸಿದರು, ಯಾರನ್ನು ಚಿತ್ರದ ಹೊರಗೆ ಬಿಟ್ಟರು ಎಂದು ವಿಚಾರಿಸುವದಕ್ಕೆ ಸಮಾಜಶಾಸ್ತ್ರದಲ್ಲಿ ದೃಶ್ಯ ಸಂಸ್ಕೃತಿಯ ಅಭ್ಯಾಸವೆಂದು ಹೆಸರು.

ಈ ಶಾಲೆಯನ್ನು ಮುಗಿಸಿ ಕಾಲೇಜಿನಲ್ಲಿ ಸಮಾಜಶಾಸ್ತ್ರವನ್ನು ಆರಿಸಿಕೊಂಡ ಹುಡುಗಿಯು ಗ್ರಂಥಾಲಯಕ್ಕೆ ಹೋಗಿ ಈ ವಿಷಯದ ಪುಸ್ತಕಗಳನ್ನು ಕೇಳಿದರೆ, ಅಂಥ ಕಪಾಟು ಇಲ್ಲವೆಂಬ ಉತ್ತರವು ಸಿಗುವದುಂಟು. ಉತ್ತರವು ಸುಳ್ಳಲ್ಲ, ಆದರೆ ಅದರಿಂದ ನಿರಾಶಳಾಗಲು ಕಾರಣವಿಲ್ಲ. ಡ್ಯೂಯಿ ದಶಮಾಂಶ ವರ್ಗೀಕರಣದಲ್ಲಿ ಸಮಾಜಶಾಸ್ತ್ರವು 301ರಲ್ಲಿಯೂ, ಉಡಿಗೆತೊಡಿಗೆಗಳು 391ರಲ್ಲಿಯೂ, ಕರಕುಶಲ ಕಲೆಗಳು 745ರಲ್ಲಿಯೂ, ಛಾಯಾಚಿತ್ರಣವು 770ರಲ್ಲಿಯೂ, ಭಾರತದ ಇತಿಹಾಸವು 954ರಲ್ಲಿಯೂ ಇರುವವು. ಒಂದೇ ವಿಷಯವು ಐದು ಕಪಾಟುಗಳಿಗೆ ಹಂಚಿಹೋಗಿರುವದರಿಂದ, ಒಂದನ್ನೇ ನೋಡಿ ಮರಳಿದವಳಿಗೆ ಏನೂ ಇಲ್ಲವೆಂದೇ ತೋರುವದು.

ನಮ್ಮ ಕುಕನೂರನ್ನೇ ತೆಗೆದುಕೊಳ್ಳಿರಿ. ಇಲ್ಲಿಯ ನವಲಿಂಗ ದೇವಾಲಯದ ಮತ್ತು ನೆರೆಯ ಇಟಗಿಯಲ್ಲಿ 1112ರಲ್ಲಿ ಕಟ್ಟಿಸಿದ ಮಹಾದೇವ ದೇವಾಲಯದ ಚಿತ್ರಗಳು ಹೆನ್ರಿ ಕಸೆನ್ಸರು 1926ರಲ್ಲಿ ಪ್ರಕಟಿಸಿದ ಚಾಲುಕ್ಯ ವಾಸ್ತುಶಿಲ್ಪದ ಗ್ರಂಥದಲ್ಲಿವೆ. ಆ ಗ್ರಂಥವು ವಾಸ್ತುಶಿಲ್ಪದ ಕಪಾಟಿನಲ್ಲಿರುವದು. ಆದರೆ ಮಹಾಮಾಯಿಯ ಗುಡಿಗೆ ಯಾರು ಬರುವರು, ಯಾವ ಪಟವನ್ನು ಮನೆಗೆ ಒಯ್ಯುವರು ಎಂಬದನ್ನು ತಿಳಿಯಬೇಕಾದರೆ ಜನಪದದ ಪುಸ್ತಕಗಳಿಗೆ ಹೋಗಬೇಕು. ಕೊಪ್ಪಳದ ಹತ್ತಿರದ ಕಿನ್ನಾಳದ ಗೊಂಬೆಗಳು ಕರಕುಶಲದ ಕಪಾಟಿನಲ್ಲಿ ಸಿಕ್ಕರೆ, ಅವುಗಳನ್ನು ಮಾಡುವ ಚಿತ್ರಗಾರ ಮನೆತನಗಳ ಸಂಗತಿಯು ಜಾತಿ-ಸಮುದಾಯಗಳ ಕಪಾಟಿನಲ್ಲಿ ಸಿಗುವದು. ಆದುದರಿಂದ ಶಾಸ್ತ್ರದ ಹೆಸರನ್ನು ಹಿಡಿದು ಹುಡುಕದೆ, ಊರು, ವಸ್ತು, ಕಸಬು, ಸಮುದಾಯ ಇವುಗಳ ಹೆಸರನ್ನು ಹಿಡಿದು ಹುಡುಕುವದು ಒಳ್ಳೆಯದು. ವಿಚಾರದ ದಾರಿಯನ್ನು ತೋರಿಸಲು ಜಾನ್ ಬರ್ಜರರ 1972ರ ಚಿಕ್ಕ ಪುಸ್ತಕವೂ, ನಮ್ಮ ದೇಶದ ದೇವರ ಪಟಗಳನ್ನು ಕುರಿತು ಕ್ರಿಸ್ಟೊಫರ್ ಪಿನ್ನಿಯವರು 2004ರಲ್ಲಿಯೂ, ಕ್ಯಾಲೆಂಡರುಗಳನ್ನು ಕುರಿತು ಕಜ್ರಿ ಜೈನರು 2007ರಲ್ಲಿಯೂ ಬರೆದ ಗ್ರಂಥಗಳೂ ಇವೆ.

ಆದರೆ ಪುಸ್ತಕಗಳಿಗಿಂತ ದೊಡ್ಡ ಕೊರತೆಯೊಂದುಂಟು. 1868ರಿಂದ 1875ರ ವರೆಗೆ ಬ್ರಿಟಿಶ್ ಸರಕಾರದವರು ಹಿಂದುಸ್ಥಾನದ ಜನರ ಛಾಯಾಚಿತ್ರಗಳನ್ನು ಎಂಟು ಸಂಪುಟಗಳಲ್ಲಿ ಹೊರತಂದರು. ಅವುಗಳಲ್ಲಿ ಬಹುತೇಕ ಚಿತ್ರಗಳ ಕೆಳಗೆ ಮನುಷ್ಯನ ಹೆಸರಿಲ್ಲ, ಜಾತಿಯ ಹೆಸರಿದೆ. 1834ರಲ್ಲಿ ಮಂಗಳೂರಿಗೆ ಬಂದ ಬಾಸೆಲ್ ಮಿಷನ್ನಿನವರು ತೆಗೆಸಿದ ಸಾವಿರಾರು ಚಿತ್ರಗಳನ್ನು ಇಂದು ಬಾಸೆಲಿನ ದಫ್ತರಖಾನೆಯವರು ಅಂತರಜಾಲದಲ್ಲಿ ಎಲ್ಲರಿಗೂ ತೆರೆದಿಟ್ಟಿದ್ದಾರೆ. ಇದು ನಮ್ಮ ನಾಡಿಗೆ ದೊಡ್ಡ ಉಪಕಾರವು. ಆದರೂ ಅಲ್ಲಿ ಎಷ್ಟೋ ಕಡೆ ಪಾದ್ರಿಗಳ ಹೆಸರುಂಟು. ಸಾಲಾಗಿ ನಿಂತ ಬಾಲಿಕೆಯರು ಬರಿಯ ಶಾಲೆಯ ಹುಡುಗಿಯರು. ಆ ಚಿತ್ರಗಳು ದೂರದೇಶದ ಸಭೆಯವರಿಗೆ ಇಲ್ಲಿಯ ಕೆಲಸವನ್ನು ತೋರಿಸುವದಕ್ಕೂ ಬೇಕಾಗಿದ್ದವು. ಅವರಿಗೆ ಆ ಬಾಲಿಕೆಯರ ಹೆಸರು ಬೇಕಾಗಿರಲಿಲ್ಲ. ಕುರುಬನು ತನ್ನ ಕುರಿಗಳನ್ನು ಹೆಸರಿನಿಂದ ಬಲ್ಲನೆಂಬ ಉಪಮೆಯನ್ನು ಕೇಳಿ ಬೆಳೆದ ನಮಗೆ ಈ ಕೊರತೆಯು ನೋವನ್ನುಂಟುಮಾಡಬೇಕು.

ಪರರನ್ನು ದೂರಿ ಫಲವಿಲ್ಲ. ನಮ್ಮ ನಮ್ಮ ಟ್ರಂಕುಗಳಲ್ಲಿರುವ ವರ್ಗದ ಫೋಟೋಗಳ ಹಿಂಭಾಗದಲ್ಲಿ ಹೆಸರುಗಳನ್ನು ಬರೆದವರು ನಮ್ಮಲ್ಲಿ ಎಷ್ಟು ಜನ? ಬಲ್ಲ ಹಿರಿಯಳೊಬ್ಬಳು ತೀರಿಕೊಂಡಳೆಂದರೆ, ಆ ಸಾಲಿನಲ್ಲಿ ನಿಂತವರೆಲ್ಲರೂ ಹೆಸರಿಲ್ಲದವರಾಗುವರು. ಆ ಮೇಲೆ ಯಾವ ಗ್ರಂಥಾಲಯವೂ ಅವರನ್ನು ಹುಡುಕಿಕೊಡಲಾರದು.

ಆದಕಾರಣ ನನ್ನ ಸೂಚನೆಯು ಇಷ್ಟೇ. ಶಾಲೆಯ ಗ್ರಂಥಾಲಯದಲ್ಲಿ ಚಿತ್ರಗಳಿಗೆಂದು ಒಂದು ಕಪಾಟನ್ನು ಬಿಡಿಸಬೇಕು. ಹಳೆಯ ವಿದ್ಯಾರ್ಥಿನಿಯರೂ ತಾಯ್ತಂದೆಗಳೂ ತಮ್ಮ ಫೋಟೋಗಳನ್ನು ಕೊಟ್ಟು, ಪ್ರತಿ ಮಾಡಿಕೊಂಡ ಮೇಲೆ ಮರಳಿ ಒಯ್ಯಬೇಕು. ಪ್ರತಿಯೊಂದರ ಸಂಗಡ ಒಂದು ಚೀಟಿಯಲ್ಲಿ ಚಿತ್ರದಲ್ಲಿರುವವರ ಹೆಸರು, ಊರು, ವರುಷ, ಸಂದರ್ಭ, ತೆಗೆದವರು, ಕೊಟ್ಟವರು ಎಂಬ ಆರು ಸಂಗತಿಗಳನ್ನು ಕನ್ನಡದಲ್ಲಿ ಬರೆಯಬೇಕು; ತಿಳಿಯದಿದ್ದಲ್ಲಿ ತಿಳಿಯದೆಂದೇ ಬರೆಯಬೇಕು. ಮನೆಯವರು ಬೇಡವೆಂದ ಚಿತ್ರವನ್ನು ತೆಗೆದುಕೊಳ್ಳಬಾರದು. ಈ ಚೀಟಿಗಳನ್ನು ಒಂಬತ್ತನೆಯ ವರ್ಗದ ಹುಡುಗಿಯರೇ ಹಿರಿಯರ ಬಳಿ ಕುಳಿತು ಬರೆಯಲಿ. ಅವರಿಗೆ ಅದೇ ಸಮಾಜಶಾಸ್ತ್ರದ ಮೊದಲನೆಯ ಪಾಠವಾಗುವದು.

ಇದಕ್ಕೆ ಬೇಕಾಗುವ ಹಣವು ಅಲ್ಪ. ಆದರೆ ನೆನಪುಳ್ಳವರು ನಮ್ಮೊಡನಿರುವ ಕಾಲವು ಅದಕ್ಕಿಂತಲೂ ಅಲ್ಪ. ಈ ಸಂಚಿಕೆಯನ್ನು ಕೆಳಗಿಡುವ ಮೊದಲು ಪ್ರತಿಯೊಬ್ಬ ಸೋದರಿಯೂ ತನ್ನ ಮನೆಯ ಒಂದು ಫೋಟೋದ ಹಿಂದೆ ಹೆಸರುಗಳನ್ನು ಬರೆದಿಡುವಳೆಂದು ನಂಬುತ್ತೇನೆ.