ಆ ಪೇಟದ ರಾಜ ನಮ್ಮೋನಲ್ಲ ಕಣ್ರಪ್ಪ

1/6
ಈ ಫೋಟೋ ನಿಮ್ಮಲ್ಲಿ ಬಹಳ ಜನ ನೋಡಿದೀರಿ. ತಲೆಗೆ ಪೇಟ, ಕೊರಳಿಗೆ ಸರ, ಕಾಡಿಗೆ ತೀಡಿದ ಕಣ್ಣು, ಹಳದಿಗಟ್ಟಿದ ಕಾಗದ. ಹೋದ ತಿಂಗಳು ನಮ್ಮ ಕ್ಲಾಸಿನವರೇ ಎಷ್ಟು ಜನ ಸ್ಟೋರಿಗೆ ಹಾಕಿದ್ರಿ ಅನ್ನೋ ಲೆಕ್ಕ ತಪ್ಪಿಹೋಯ್ತು. ಒಬ್ಬರು "ಮೈಸೂರು ಕಡೆ ರಾಜ" ಅಂದ್ರು. ಇನ್ನೊಬ್ಬರು "ನಮ್ಮ ದುರ್ಗದ ಪಾಳೇಗಾರರು ಹಿಂಗೇ ಇದ್ರಂತೆ" ಅಂದ್ರು. ಮೇಲೊಂದು ಕೆಂಪು ಹಾರ್ಟು, ಹಿಂದೆ ಒಂದು ಹಿಂದಿ ಹಾಡು. ಮೊದಲು ಹಾಕಿದ ಮಹಾನುಭಾವ ನಾನೇ. ಹಾಗಾಗಿ ಈ ಆರು ಪೋಸ್ಟಿನ ಬೈಗುಳ ಮೊದಲು ನನಗೆ, ಆಮೇಲೆ ನಿಮಗೆ.

ಪಾಳೇಗಾರರು ಅಂದೋರಿಗೆ ಒಂದೇ ಮಾತು: ದುರ್ಗ ಹೈದರಾಲಿ ಕೈಸೇರಿದ್ದು 1779ರಲ್ಲಿ. ಫೋಟೋ ತೆಗೆಯೋ ವಿದ್ಯೆ ಲೋಕಕ್ಕೆ ಗೊತ್ತಾಗಿದ್ದು 1839ರಲ್ಲಿ. ಮಿಕ್ಕ ಲೆಕ್ಕ ನೀವೇ ಮಾಡ್ಕೊಳ್ಳಿ.

2/6
ಆತನ ಹೆಸರು ಕಾನ್ರಾಡ್ ಫೈಟ್. ಜರ್ಮನಿಯ ನಟ. ಚಿತ್ರ 'ಡಾಸ್ ಇಂಡಿಶೆ ಗ್ರಾಬ್‌ಮಾಲ್', ಅಂದ್ರೆ 'ಭಾರತದ ಗೋರಿ'. 1921ರ ಮೂಕಿ ಚಿತ್ರ, ಎರಡು ಭಾಗ. ನಿರ್ದೇಶಕ ಜೋ ಮೇ. ಕಥೆ ಬರೆದವಳು ಥೇಯಾ ಫಾನ್ ಹಾರ್ಬೌ, ಮುಂದೆ 'ಮೆಟ್ರೊಪೊಲಿಸ್' ಬರೆದಳಲ್ಲ, ಅವಳೇ.

ಅದರಲ್ಲಿ ಕಾಣೋ ಭಾರತ ಎಲ್ಲಿದೆ ಗೊತ್ತಾ? ಬರ್ಲಿನ್ ಪಕ್ಕದ ವೋಲ್ಟರ್ಸ್‌ಡಾರ್ಫ್ ಅನ್ನೋ ಊರಲ್ಲಿ. ಅರಮನೆ, ಗೋಪುರ, ಗುಡಿ ಎಲ್ಲಾ ಅಲ್ಲೇ ಕಟ್ಟಿದ ಸೆಟ್ಟು. ಏಳು ಸುತ್ತಿನ ಕಲ್ಲಿನ ಕೋಟೆ ಮನೆ ಹಿಂದೇನೇ ಇಟ್ಕೊಂಡಿರೋ ನಾವು ಆ ಸೆಟ್ಟನ್ನ ನೋಡಿ "ಅಬ್ಬಾ, ನಮ್ಮ ಪರಂಪರೆ" ಅಂತ ಕಣ್ಣೀರು ಹಾಕಿದ್ವಿ.

ಇನ್ನು 'ಲವ್ ಸ್ಟೋರಿ' ವಿಚಾರ. ಕಥೆಯಲ್ಲಿ ರಾಜನ ಹೆಂಡತಿ ಸಾವಿತ್ರಿ ಒಬ್ಬ ಇಂಗ್ಲಿಷ್ ಅಧಿಕಾರಿಯನ್ನು ಪ್ರೀತಿಸ್ತಾಳೆ. ರಾಜ ಯುರೋಪಿನಿಂದ ಒಬ್ಬ ಶಿಲ್ಪಿಯನ್ನು ಕರೆಸಿ, ಸತ್ತುಹೋದ ತನ್ನ ಪ್ರೀತಿಗೆ ಗೋರಿ ಕಟ್ಟು ಅಂತಾನೆ. ಸತ್ತಿರೋದು ಪ್ರೀತಿ. ಸಾವಿತ್ರಿ ಬದುಕೇ ಇದಾಳೆ. ಬದುಕಿರೋ ಹೆಂಗಸಿಗೆ ಗೋರಿ ಕಟ್ಟಿಸೋ ಗಂಡಸಿನ ಫೋಟೋ ಹಾಕಿ ನಾವು ಬರೆದಿದ್ದು, "ಪ್ರೀತಿ ಅಂದ್ರೆ ಹಿಂಗಿರಬೇಕು". ಹುಡುಗೀರೂ ಹಾಕಿದೀರಿ. ಬೇಜಾರಾಗಬೇಡಿ, ಆದ್ರೆ ಹಾಕಿದೀರಿ.

3/6
"ಬಿಡು ಗುರು, ಚೆನ್ನಾಗಿ ಕಾಣ್ತು, ಹಾಕಿದ್ವಿ. ನಮಗೆ ಹೆಂಗೆ ಗೊತ್ತಾಗಬೇಕು?"

ಗೊತ್ತಾಗೋ ಹಾಗೆ ಬರೆದೇ ಇತ್ತು. ಹಾಗಾಗೇ ನನಗೆ ಸಿಟ್ಟು. ಇವೆಲ್ಲ ಆ ಕಾಲದ ಪೋಸ್ಟ್‌ಕಾರ್ಡುಗಳು. ಬರ್ಲಿನ್‌ನಲ್ಲಿ ಹೈನ್ರಿಖ್ ರಾಸ್ ಅನ್ನೋನು 'ರಾಸ್ ಫೆರ್ಲಾಗ್' ಅಂತ ಕಂಪನಿ ನಡೆಸ್ತಿದ್ದ. ನಟ ನಟಿಯರ ಮುಖ, ಚಿತ್ರದ ದೃಶ್ಯ, ಎಲ್ಲಾ ಕಾರ್ಡು ಮಾಡಿ ಮಾರ್ತಿದ್ದ. ಜನ ಕೊಂಡು ಆಲ್ಬಮ್ಮಿಗೆ ಅಂಟಿಸ್ಕೊಳ್ತಿದ್ರು, ನಾವು ಸ್ಕೂಲಲ್ಲಿ ಕ್ರಿಕೆಟ್ ಕಾರ್ಡು ಸೇರಿಸ್ತಿದ್ದ ಹಾಗೆ. ಕಾರ್ಡಿನ ಅಂಚಲ್ಲಿ ಸಣ್ಣಕ್ಷರದಲ್ಲಿ ನಂಬರು, ನಟನ ಹೆಸರು, ಎಷ್ಟೋ ಕಾರ್ಡಲ್ಲಿ ಚಿತ್ರ ತೆಗೆದ ಕಂಪನಿ ಹೆಸರೂ ಇರ್ತಿತ್ತು. ಬೆನ್ನಿಗೆ ಕಳಿಸಿದವರ ಕೈಬರಹ, ಅಂಚೆ ಮುದ್ರೆ, ತಾರೀಖು.

'ವಿಂಟೇಜ್' ಪೇಜುಗಳು ಮಾಡೋ ಮೊದಲ ಕೆಲಸ ಏನು? ಆ ಅಂಚು ಕತ್ತರಿಸೋದು. ಚೌಕಕ್ಕೆ ಕೂರಲ್ಲ ಅಂತ. ಬೆನ್ನನ್ನಂತೂ ಯಾರೂ ಹಾಕಲ್ಲ.

ರಾಸ್ ಯೆಹೂದಿ. ನಾಜಿಗಳ ಕಾಲದಲ್ಲಿ ಕಂಪನಿ ಅವನ ಕೈತಪ್ಪಿತು, ದೇಶ ಬಿಟ್ಟು ಅಮೆರಿಕಕ್ಕೆ ಹೋದ. ಆಮೇಲೆ ಕಾರ್ಡುಗಳ ಮೇಲಿಂದ ಅವನ ಹೆಸರೂ ಹೋಯ್ತು. ಅವರು ಹೆಸರು ತೆಗೆದಿದ್ದು ದ್ವೇಷಕ್ಕೆ. ನಾವು ತೆಗೀತಿರೋದು ಫ್ರೇಮಿಗೆ.

4/6
ಈಗ ನಮ್ಮ ಮನೆ ಕಡೆ ಬನ್ನಿ. ಇದು ಸ್ವಲ್ಪ ಉದ್ದ, ಪೂರ್ತಿ ಓದಿ.

ಭಾರತದ ಕಥೆಯನ್ನು ಭಾರತದಲ್ಲೇ ಬಂದು ತೆಗೆದ ಜರ್ಮನ್ನರೂ ಇದ್ರು. ಮ್ಯೂನಿಕ್‌ನ ಫ್ರಾಂಜ್ ಓಸ್ಟೆನ್, ಹಿಮಾಂಶು ರಾಯ್ ಜೊತೆ ಸೇರಿ 1928ರಲ್ಲಿ 'ಶಿರಾಜ್' ತೆಗೆದ. ತಾಜ್‌ಮಹಲ್ ಹಿಂದಿನ ಪ್ರೇಮಕಥೆ. ಅದರಲ್ಲಿ ಮುಮ್ತಾಜ್ ಆದವರು ಏಣಾಕ್ಷಿ ರಾಮರಾವ್. ಅದೇ ಏಣಾಕ್ಷಿ 1930ರ ಆಸುಪಾಸಲ್ಲಿ ಇನ್ನೊಂದು ಮೂಕಿ ಚಿತ್ರ ಮಾಡಿದ್ರು: 'ವಸಂತಸೇನಾ', ಶೂದ್ರಕನ 'ಮೃಚ್ಛಕಟಿಕ'ದ ಕಥೆ. ನಿರ್ದೇಶಕ ಮೋಹನ್ ಭವನಾನಿ, ಜರ್ಮನಿಯಲ್ಲಿ ಸಿನಿಮಾ ಕಲಿತು ಬಂದೋರು. ಜೊತೆಗೆ ಯಾರು ಅಂದ್ಕೊಂಡ್ರಿ? ನಮ್ಮ ಕೈಲಾಸಂ! 'ಟೊಳ್ಳುಗಟ್ಟಿ' ಬರೆದ ಟಿ.ಪಿ. ಕೈಲಾಸಂ. ಮತ್ತೆ ಮಂಗಳೂರಿನ ಕಮಲಾದೇವಿ ಚಟ್ಟೋಪಾಧ್ಯಾಯ.

'ಶಿರಾಜ್' ಇವತ್ತೂ ನೋಡಬಹುದು. ಲಂಡನ್ನಿನ ಬ್ರಿಟಿಷ್ ಫಿಲ್ಮ್ ಇನ್‌ಸ್ಟಿಟ್ಯೂಟ್ ರೀಲು ಕಾಪಾಡಿಟ್ಟಿತ್ತು, 2017ರಲ್ಲಿ ಸರಿಮಾಡಿ ಅನುಷ್ಕಾ ಶಂಕರ್ ಸಂಗೀತ ಸೇರಿಸಿ ತೋರಿಸ್ತು. 'ವಸಂತಸೇನಾ'? ಒಂದು ಪ್ರಿಂಟೂ ಇಲ್ಲ. ಕೈಲಾಸಂ ತೆರೆ ಮೇಲೆ ಹೆಂಗೆ ನಡೀತಿದ್ರು, ಹುಬ್ಬು ಹೆಂಗೆ ಏರಿಸ್ತಿದ್ರು, ಇನ್ನು ಯಾರಿಗೂ ಗೊತ್ತಾಗಲ್ಲ. ಅದೇ ನಟಿ, ಎರಡು ಚಿತ್ರ, ಒಂದು ಕಪಾಟಿಗೆ ಹೋಯ್ತು, ಇನ್ನೊಂದು ಮಣ್ಣಿಗೆ.

ಗುಬ್ಬಿ ವೀರಣ್ಣನವರ 1931ರ ಮೂಕಿ 'ಹಿಸ್ ಲವ್ ಅಫೇರ್' ಕಥೆಯೂ ಅಷ್ಟೇ. 1934ರ 'ಸತಿ ಸುಲೋಚನ', ತೆರೆಕಂಡ ಮೊದಲ ಕನ್ನಡ ಟಾಕಿ, ಅದೂ ಇಲ್ಲ. ದೇಶದಲ್ಲಿ ತಯಾರಾದ ಮೂಕಿ ಚಿತ್ರ 1,300ಕ್ಕೂ ಹೆಚ್ಚು. ಉಳಿದಿರೋದು ತುಂಡು ತುಣುಕು ಸೇರಿಸಿದ್ರೂ ಮೂವತ್ತರ ಆಸುಪಾಸು. ಪುಣೆಯಲ್ಲಿ ಸರ್ಕಾರದ ಫಿಲ್ಮ್ ಸಂಗ್ರಹಾಲಯ ಶುರುವಾಗಿದ್ದೇ 1964ಕ್ಕೆ. ಅಷ್ಟೊತ್ತಿಗೆ ನೈಟ್ರೇಟ್ ರೀಲುಗಳು ಕೆಲವು ಸುಟ್ಟಿದ್ವು, ಕೆಲವು ಪುಡಿಯಾಗಿದ್ವು, ಇನ್ನು ಕೆಲವನ್ನ ಅದರೊಳಗಿನ ಬೆಳ್ಳಿಗೋಸ್ಕರ ಕರಗಿಸಿದ್ರು. ಬೆಳ್ಳಿತೆರೆ ಅಂತೀವಲ್ಲ, ಕೊನೆಗೆ ಉಳಿದಿದ್ದು ಬೆಳ್ಳಿ ಮಾತ್ರ.

5/6
ರೀಲು ಹೋದ ಮೇಲೆ ಚಿತ್ರಕ್ಕೆ ಉಳಿಯೋದು ಕಾಗದ. ಕರಪತ್ರ, ಪೋಸ್ಟರು, ಒಂದು ಸ್ಟಿಲ್ಲು, ಹಾಡಿನ ಪುಸ್ತಕ. ಆ ಕಾಗದದಿಂದ ಹೆಸರು ಕತ್ತರಿಸಿದ್ರೆ ಆ ಚಿತ್ರ ಎರಡನೇ ಸಲ ಸತ್ತ ಹಾಗೆ. ಇದು ನನ್ನ ಜಗಳದ ತಿರುಳು.

"ಹೆಸರು ಯಾಕೆ, ಮುಖ ಸಾಕು" ಅನ್ನೋರು ಓಬವ್ವನ ಕಿಂಡಿ ಹತ್ರ ನಿಂತು ಯೋಚನೆ ಮಾಡಿ. ಓಬವ್ವನ ಚಿತ್ರ ಬರೆದೋರು ಆ ಕಾಲದಲ್ಲಿ ಯಾರೂ ಇರಲಿಲ್ಲ. ಆದ್ರೂ ನಮ್ಮೆಲ್ಲರ ಕಣ್ಣಲ್ಲೂ ಅವಳಿಗೊಂದು ಮುಖ ಇದೆ: ಜಯಂತಿಯಮ್ಮನದು. 1972ರ 'ನಾಗರಹಾವು', ಪುಟ್ಟಣ್ಣ ಕಣಗಾಲ್, ಆ ಒನಕೆ. ಚಿತ್ರಕ್ಕೆ ಅಷ್ಟು ಶಕ್ತಿ ಇದೆ. ನಮ್ಮ ಪುಣ್ಯ, ತ.ರಾ.ಸು. ಕಾದಂಬರಿಯಿಂದ ಬಂದಿದ್ದು, ದುರ್ಗದಲ್ಲೇ ತೆಗೆದಿದ್ದು, ನಟಿ ಹೆಸರು ಎಲ್ಲರಿಗೂ ಗೊತ್ತು. ಅದೇ ಶಕ್ತಿ ಜರ್ಮನ್ನರ ಕಣ್ಣಲ್ಲಿ ಕಾನ್ರಾಡ್ ಫೈಟ್‌ನ ಮುಖವನ್ನ ಭಾರತದ ರಾಜನ ಮುಖ ಮಾಡ್ತು. ಅವರು ಮೋಸಹೋದ್ರೆ ಹೋಗಲಿ, ದೂರದವರು. ನಾವ್ಯಾಕೆ ಹೋಗಬೇಕು?

ಕಾರ್ಡು ಹಂಚಬೇಡಿ ಅಂತಿಲ್ಲ. ನನಗೂ ಆ ಬೆಳಕು, ಆ ಕಣ್ಣು ಇಷ್ಟ. ಚಿತ್ರ ಪೂರ್ತಿ ನೋಡಿ, ಮೂರೂವರೆ ಗಂಟೆ ಕೂರೋ ತಾಳ್ಮೆ ಇದ್ರೆ. (ನಾನು ಎರಡು ಕಂತಲ್ಲಿ ನೋಡಿದೆ. ನಡುವೆ ನಿದ್ದೆ ಬಂತು, ಸುಳ್ಳು ಹೇಳಲ್ಲ.) ಹಾಕುವಾಗ ಅಂಚು ಸಮೇತ ಹಾಕಿ, ಹೆಸರು ಬರೀರಿ.

6/6
ಈಗ ಕೆಲಸ. ಹಿರಿಯೂರು, ಹೊಸದುರ್ಗ, ಹೊಳಲ್ಕೆರೆಯಿಂದ ಬಸ್ಸಲ್ಲಿ ಬರೋರಿಗೆ ಮುಖ್ಯವಾಗಿ ಹೇಳ್ತಿದೀನಿ. ನಿಮ್ಮ ಮನೆ ಅಟ್ಟದ ಮೇಲಿನ ಟ್ರಂಕು ತೆಗೀರಿ. ನಮ್ಮ ಅಜ್ಜಿ ಟ್ರಂಕಲ್ಲಿ ಮದುವೆ ಪತ್ರಿಕೆಗಳ ಮಧ್ಯೆ ನನಗೆ ನಾಲ್ಕು ಹಾಡಿನ ಪುಸ್ತಕ ಸಿಕ್ವು. ಟೆಂಟಿನ ಮುಂದೆ ಮಾರ್ತಿದ್ವಲ್ಲ, ಆ ತೆಳು ಕಾಗದದವು. ಹಾಡಿಗಿಂತ ಮೊದಲು ಕಥೆ ಹೇಳ್ತಾ ಹೋಗಿ, ಕುತೂಹಲದ ಜಾಗಕ್ಕೆ ಬಂದು, ಮುಂದಿನದನ್ನು ಬೆಳ್ಳಿತೆರೆಯ ಮೇಲೆ ನೋಡಿ ಅಂತ ನಿಲ್ಲಿಸಿಬಿಡ್ತಾರೆ. ತೆರೆ ಮೇಲಿನದೇ ಇಲ್ಲವಾದ ಚಿತ್ರಕ್ಕೆ ಆ ಸಾಲು ಓದಿದ್ರೆ ಹೊಟ್ಟೆ ಚುರ್ ಅನ್ನತ್ತೆ.

ಯುಗಾದಿ, ದೀಪಾವಳಿಗೆ ಮನೆ ಗುಡಿಸುವಾಗ ಇವೇ ಮೊದಲು ರದ್ದಿಗೆ ಹೋಗೋದು. ಹೋಗೋಕ್ಕೆ ಮುಂಚೆ ಕಿಟಕಿ ಬೆಳಕಲ್ಲಿಟ್ಟು ಫೋಟೋ ತೆಗೀರಿ. ಮುಂದಿನ ಬದಿ, ಹಿಂದಿನ ಬದಿ, ಎರಡೂ. ಫಿಲ್ಟರ್ ಬೇಡ. ಯಾರು ಕೊಂಡಿದ್ದು, ಯಾವ ಊರ ಟೆಂಟಲ್ಲಿ, ಅಜ್ಜಿ ನೆನಪು ಮಾಡ್ಕೊಂಡು ಹೇಳಿದ್ದನ್ನ ಹೇಳಿದ ಹಾಗೇ ಬರೀರಿ, ತಪ್ಪಿದ್ರೂ ಪರವಾಗಿಲ್ಲ. ನನಗೆ ಮೆಸೇಜ್ ಮಾಡಿ, ಇಲ್ಲೇ ಒಂದೊಂದಾಗಿ ಹಾಕ್ತೀನಿ, ನಿಮ್ಮ ಅಜ್ಜಿ ಒಪ್ಪಿದ್ರೆ ಅವರ ಹೆಸರು ಸಮೇತ.

ನನ್ನ ಹಳೇ ಸ್ಟೋರಿ ಅಳಿಸಿಲ್ಲ. ಹೈಲೈಟಲ್ಲಿದೆ, ಕೆಳಗೆ ತಿದ್ದುಪಡಿ ಹಾಕಿದೀನಿ: ಕಾನ್ರಾಡ್ ಫೈಟ್, 1921, ವೋಲ್ಟರ್ಸ್‌ಡಾರ್ಫ್. ನಿಮ್ಮದನ್ನ ಯಾವಾಗ ತಿದ್ತೀರಿ?